ಕೇದಗೆಯ ದ್ವೀಪ ಮರಳಿ ಬಂತು

ತೆಫಾರಾ ದ್ವೀಪ,
ಇಸವಿ ಎರಡು ಸಾವಿರದ ನೂರ ಮೂವತ್ತನಾಲ್ಕು,
ಬಾವುಟ ಇಳಿದ ಮರುದಿನ.

ತದಡಿಯ ಸುಗಂಧಾ ಹರಿಕಂತ್ರಳಿಗೆ, ನಿನ್ನ ಮಗಳ ಮಗಳ ಮಗಳು ಹೆರೆಯಿತಿ ಮಾಡುವ ನಮಸ್ಕಾರಗಳು.

ಮೇಲಿನ ಇಸವಿಯನ್ನು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದವನ್ನು ಮಡಚಿ ಇಡಬೇಡ. ನೀನು ಇದನ್ನು ಓದುವಾಗ ನಿನಗೆ ಇಪ್ಪತ್ತಾರು ವರ್ಷ. ಕುಮಟೆಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದೀ, ಮದುವೆಯಾಗಿಲ್ಲ, ಮಗಳು ಮೊಮ್ಮಗಳ ಮಾತು ಎಲ್ಲಿಯದು? ನನಗೆ ಐವತ್ತೇಳು. ಮುತ್ತಜ್ಜಿಯನ್ನು ನಮ್ಮ ಮನೆಯಲ್ಲಿ ಏಕವಚನದಲ್ಲೇ ಕರೆಯುವುದು. ಮೂವತ್ತು ವರ್ಷ ಚಿಕ್ಕವಳಾದ ಹುಡುಗಿಯನ್ನೂ ಹಾಗೆಯೇ. ಆದ್ದರಿಂದ ‘ನೀನು’ ಎಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನನ್ನ ಕನ್ನಡಕ್ಕೆ ಮಾತ್ರ ಕೇಳಬೇಕು.

ಇದು ನಿನ್ನ ಬಾಯಿಂದ ನಿನ್ನ ಮಗಳಿಗೆ, ಅವಳಿಂದ ನನ್ನ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ಕನ್ನಡ. ಮೀನು ಹೆಚ್ಚುತ್ತ, ಕೂಸಿಗೆ ಎಣ್ಣೆ ತಿಕ್ಕುತ್ತ ಆಡಿಕೊಂಡು ಬಂದ ಭಾಷೆ. ಹಾಗಾಗಿ ಬಾಣಂತನಕ್ಕೆ, ಸಾರಿಗೆ, ಬೈಗುಳಕ್ಕೆ ನನ್ನಲ್ಲಿ ಪದಗಳು ಧಾರಾಳ. ಸರ್ಕಾರಕ್ಕೆ, ಕರಾರಿಗೆ ಕಡಿಮೆ. ಬರೆಯುವುದನ್ನು ದೊಡ್ಡವಳಾದ ಮೇಲೆ ಹಳೆಯ ಪುಸ್ತಕಗಳಿಂದ ಕಲಿತೆ, ಅದಕ್ಕೇ ನಡುನಡುವೆ ಪುಸ್ತಕದ ವಾಸನೆ ಬರಬಹುದು. ಇಲ್ಲದ ಕಡೆ ನಾನೇ ಪದ ಕಟ್ಟಿಕೊಂಡಿದ್ದೇನೆ. ಬಿಸಿಲನ್ನು ಕುಡಿದು ದೋಣಿಯನ್ನೂ ದೀಪವನ್ನೂ ನಡೆಸುವ ಹಾಯಿಗೆ ನಾವು ‘ಬಿಸಿಲ್ಪಟ’ ಎನ್ನುತ್ತೇವೆ. ಬೇರೆಯವರ ಬದುಕನ್ನು ನೋಡಿ ವರದಿ ಮಾಡಲೆಂದು ಸರ್ಕಾರ ಕಳಿಸುವವನಿಗೆ ‘ಕಾಣ್ಗಾರ’ ಎಂದು ಹೆಸರಿಟ್ಟೆ. ಈ ಎರಡು ಗೊತ್ತಿದ್ದರೆ ಸಾಕು, ಉಳಿದದ್ದು ನಿನ್ನದೇ ಮಾತು.

ತೆಫಾರಾದಲ್ಲಿ ದೊಡ್ಡ ಸುದ್ದಿ ಬಂದಾಗ ಹಿರಿಯರಿಗೆ ಮುಟ್ಟಿಸುವ ಪದ್ಧತಿ ಇದೆ. ಕಡಲಂಚಿನಲ್ಲಿ ನಿಂತು ಅವರ ಭಾಷೆಯಲ್ಲೇ ಗಟ್ಟಿಯಾಗಿ ಓದಬೇಕು. ಉಳಿದವರ ಹಿರಿಯರಿಗೆಲ್ಲ ದ್ವೀಪದ ಭಾಷೆ ಆಗುತ್ತದೆ, ನಿನ್ನೊಬ್ಬಳಿಗೆ ಕನ್ನಡ ಬೇಕು. ಓದಿದ್ದನ್ನು ಕಡಲು ಯಾವ ವಯಸ್ಸಿನ ನಿನಗೆ ಒಪ್ಪಿಸುತ್ತದೋ ನನಗೆ ತಿಳಿಯದು. ಇಲ್ಲಿಗೆ ಹೊರಡುವ ಮೊದಲಿನ ನಿನಗೇ ಸಿಗಲಿ ಎಂದು ಬರೆಯುತ್ತಿದ್ದೇನೆ. ಸುದ್ದಿ ಒಳ್ಳೆಯದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಧ್ಯದಲ್ಲಿ ನೀನು ಹೆದರುವುದು ನನಗೆ ಬೇಡ. ದ್ವೀಪ ನಮಗೆ ಮರಳಿ ಬಂದಿದೆ. ನಿನ್ನೆ ಮಧ್ಯಾಹ್ನ ಅವರ ಬಾವುಟ ಇಳಿಯಿತು. ಕೂಸು ಆರೋಗ್ಯವಾಗಿದೆ. ಯಾವ ಕೂಸು ಎಂಬುದು ಮುಂದೆ ಬರುತ್ತದೆ.

ತೆಫಾರಾ ಎಂದರೆ ಕೇದಗೆಯ ನಾಡು. ಒಳಗಡಲೊಂದನ್ನು ಬಳೆಯಂತೆ ಸುತ್ತಿಕೊಂಡ ಕಿರಿದಾದ ನೆಲ, ಎಲ್ಲಿ ನಿಂತರೂ ಎರಡೂ ಕಡೆಯ ನೀರಿನ ಸದ್ದು ಕೇಳುತ್ತದೆ. ಕೇದಗೆಯ ಎಲೆಯಿಂದ ಚಾಪೆ, ಹಾಯಿ, ಮಾಡು; ತೆಂಗು, ನೀರಹಲಸು; ನೆಲವನ್ನು ಅಗೆದು ತಗ್ಗು ಮಾಡಿ ಬೆಳೆಯುವ ಕೆಸು. ಇಷ್ಟೇ ಇಲ್ಲಿನ ಆಸ್ತಿ. ಹೊರಗಿನವರು ಮೊದಲು ಬಂದದ್ದು ತಿಮಿಂಗಿಲ ಹಿಡಿಯುವ ಹಡಗಿನಲ್ಲಿ, ನೀರು ಕೇಳಿಕೊಂಡು. ಆಮೇಲೆ ದೇವರನ್ನು ತಂದರು, ಕೊಬ್ಬರಿಯನ್ನು ಒಯ್ದರು, ಗಂಡಸರನ್ನು ದೂರದ ಗಣಿಗಳಿಗೆ ಕರೆದೊಯ್ದರು. ಒಂದು ಬಾವುಟ ಹೋಗಿ ಇನ್ನೊಂದು ಬಂದಾಗ ಇಲ್ಲಿಯವರನ್ನು ಯಾರೂ ಕೇಳಲಿಲ್ಲ. ಓದಲು ಬಾರದ ಮುಖಂಡನೊಬ್ಬ ಕಾಗದದ ಮೇಲೆ ಮೀನಿನ ಚಿತ್ರ ಬರೆದು ಸಹಿ ಹಾಕಿದನಂತೆ. ಅವನು ಸ್ನೇಹಕ್ಕೆಂದು ಬರೆದ ಮೀನು ಅವರ ಭಾಷೆಯಲ್ಲಿ ಒಡೆತನವಾಯಿತು. ನಿನ್ನ ಕಾಲಕ್ಕೆ ಬರುವ ಹೊತ್ತಿಗೆ ಇದು ದೂರದ ದೊಡ್ಡ ದೇಶವೊಂದರ ಕೈಯಲ್ಲಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಈಗ ಅವರ ಮೇಲೆ ಸಿಟ್ಟಿಲ್ಲ. ಅವರಿಗೆ ಆಕಾಶಕ್ಕೆ ಉಪಗ್ರಹ ಹಾರಿಸುವ ಕಟ್ಟೆ ಬೇಕಾಗಿತ್ತು. ನೂರು ವರ್ಷದ ಗುತ್ತಿಗೆ ಬರೆಸಿಕೊಂಡು ಜನರನ್ನೆಲ್ಲ ಹಡಗಿಗೆ ಹತ್ತಿಸಿ, ಎರಡು ದಿನದ ದಾರಿಯ ವಾಯ್ಪುನಾ ಎಂಬ ಬೆಟ್ಟದ ದ್ವೀಪದಲ್ಲಿ ಇಳಿಸಿದರು.

ವಾಯ್ಪುನಾದವರು ನಮ್ಮನ್ನು ಹೊರಗಿಡಲಿಲ್ಲ. ಒಂದು ಕಣಿವೆ ಬಿಟ್ಟುಕೊಟ್ಟರು, ಹೆಣ್ಣು ಕೊಟ್ಟರು, ಹೆಣ್ಣು ತಂದರು. ನಾನು ಹುಟ್ಟಿದ್ದು ಅಲ್ಲೇ. ನಾನು ನೆನಪಿಡುವ ನಿನ್ನ ಮುಖವೂ ಅಲ್ಲಿಯದೇ: ಮೊಣಕಾಲು ನೋವಿಗೆ ಬಿಸಿ ಎಲೆ ಕಟ್ಟಿಕೊಂಡು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಜಿ ತಿನ್ನಿಸಿದ ಮುದುಕಿ. ಹೌದು, ನೀನು ಮುದುಕಿಯಾಗುವಷ್ಟು ಬದುಕುತ್ತೀ.

ಗುತ್ತಿಗೆ ಮುಗಿಯುತ್ತ ಬಂದಾಗ ಅವರಿಗೆ ಕಟ್ಟೆ ಬೇಡವಾಗಿತ್ತು, ಆದರೆ ಕೈಯಲ್ಲಿದ್ದದ್ದನ್ನು ಬಿಡಲು ಮನಸ್ಸಿರಲಿಲ್ಲ. ಈ ದ್ವೀಪದಲ್ಲಿ ಮನುಷ್ಯರು ಬದುಕಲಾರರು ಎಂದು ಅವರ ಪಂಡಿತರು ವಾದಿಸಿದರು. ಬದುಕಬಲ್ಲೆವು ಎಂದು ನಮ್ಮವರು. ಕೊನೆಗೆ ಒಂದು ಕರಾರಾಯಿತು. ನಮ್ಮಲ್ಲಿ ಒಂದಷ್ಟು ಮನೆಯವರು ಪೂರ್ತಿ ಒಂದು ವರ್ಷ ಹೊರಗಿನವರ ನೆರವಿಲ್ಲದೆ ಇಲ್ಲಿ ಬಾಳಿ ತೋರಿಸಿದರೆ ದ್ವೀಪ ನಮ್ಮದು. ಇಲ್ಲದಿದ್ದರೆ ಗುತ್ತಿಗೆ ಇನ್ನೂ ನೂರು ವರ್ಷ. ನೋಡಿಕೊಳ್ಳಲು ಒಬ್ಬ ಕಾಣ್ಗಾರ ಜೊತೆಗಿರುತ್ತಾನೆ.

ನಮ್ಮನ್ನು ಕರೆತಂದವಳು ತೆವೂರಾ. ಎಂಬತ್ತರ ಹೆಂಗಸು, ನಮ್ಮ ಕುಲದ ಹಿರಿಯಳು. ಅವಳ ತೀರ್ಮಾನವೇ ಕೊನೆಯ ಮಾತು. ನನ್ನ ತಂಗಿಯ ಮಗಳು ವೈಯಾನಾ ಬಸುರಿಯಾಗಿಯೇ ಹೊರಟಳು, ಬೇಡವೆಂದರೂ ಕೇಳಲಿಲ್ಲ. ನಾನು ಎರಡು ಭಾಷೆ ಬಲ್ಲವಳೆಂದು ಸೇರಿಸಿಕೊಂಡರು. ಕಾಣ್ಗಾರನ ಹೆಸರು ಕಾಲ್ಡರ್, ನಲವತ್ತರ ಆಸುಪಾಸಿನ, ಬಿಸಿಲಿಗೆ ಬೇಗ ಕೆಂಪಾಗುವ, ಕಡಿಮೆ ಮಾತಿನ ಮನುಷ್ಯ. ಅವನಿಗೆ ಬೇರೆ ಗುಡಾರ, ಬೇರೆ ಊಟ, ಬೇರೆ ನೀರಿನ ಪೀಪಾಯಿಗಳು. ನಮ್ಮಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ, ನಮಗೆ ಏನನ್ನೂ ಕೊಡುವಂತಿಲ್ಲ. ಮೊದಮೊದಲು ಹೆಂಗಸರು ಅವನ ಎದುರು ಮೀನು ಸುಡಲು ಸಂಕೋಚಪಡುತ್ತಿದ್ದರು. ಬರಬರುತ್ತ ಅವನು ಮಕ್ಕಳಿಂದ ಭಾಷೆ ಕಲಿತ. ಭಾಷೆ ಕೊಡುವುದಕ್ಕೆ ಕರಾರಿನಲ್ಲಿ ಅಡ್ಡಿ ಇರಲಿಲ್ಲ.

ಆ ಮೊದಲ ತಿಂಗಳುಗಳು ಎಷ್ಟು ಚೆನ್ನಾಗಿದ್ದವು ಎಂದರೆ ನಮಗೇ ನಂಬಿಕೆ ಬರುತ್ತಿರಲಿಲ್ಲ. ಅಜ್ಜಂದಿರು ತೋಡಿದ್ದ ಬಾವಿಗಳನ್ನು ಮರಳಿನಡಿಯಿಂದ ಹುಡುಕಿದೆವು. ಮಳೆಯ ನೀರು ಮರಳಿಗಿಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ಕೂರುತ್ತದೆ, ತದಡಿಯ ಅಳಿವೆಯಲ್ಲಿ ಮಳೆಗಾಲದಲ್ಲಿ ಹೊಳೆಯ ನೀರು ಕಡಲ ಮೇಲೆ ಹರಡಿಕೊಳ್ಳುವಂತೆ. ಮೆಲ್ಲಗೆ ಮೊಗೆದರೆ ಸಿಹಿ, ಆಸೆ ಪಟ್ಟರೆ ಉಪ್ಪು. ಬೆಳಿಗ್ಗೆ ಗಂಡಸರು ಬಿಸಿಲ್ಪಟ ಬಿಚ್ಚಿ ಹವಳದ ದಂಡೆಯಾಚೆ ಹೋಗುತ್ತಿದ್ದರು; ನಾವು ಕೆಸುವಿನ ತಗ್ಗಿಗೆ ಸೊಪ್ಪು ತುಂಬುತ್ತಿದ್ದೆವು. ಮಧ್ಯಾಹ್ನ ಎಲ್ಲರೂ ಹಾರಿಸುವ ಕಟ್ಟೆಯ ನೆರಳಲ್ಲಿ ಮಲಗುತ್ತಿದ್ದೆವು. ಅಷ್ಟು ದೊಡ್ಡ ಕಟ್ಟೆ ಕೊನೆಗೆ ಒಳ್ಳೆಯ ನೆರಳಾದರೂ ಆಯಿತಲ್ಲ ಎಂದು ತೆವೂರಾ ನಗುತ್ತಿದ್ದಳು. ವೈಯಾನಾಳಿಗೆ ಗಂಡುಮಗು ಹುಟ್ಟಿತು. ನೂರು ವರ್ಷದಲ್ಲಿ ತೆಫಾರಾದ ನೆಲದ ಮೇಲೆ ಹುಟ್ಟಿದ ಮೊದಲ ಕೂಸು. ನೀನು ಅಮ್ಮನಿಗೆ ಕಲಿಸಿದಂತೆ ಕೊಬ್ಬರಿ ಎಣ್ಣೆ ಹಚ್ಚಿ, ಹೊಕ್ಕುಳಿಗೆ ಬೆಚ್ಚಗೆ ಕೈಯಿಟ್ಟು ನಾನೇ ಮೀಯಿಸಿದೆ.

ಆಮೇಲೆ ಕಡಲು ಏರಿತು. ಇಲ್ಲಿ ಗಾಳಿಯೂ ಇರಲಿಲ್ಲ, ಮೋಡವೂ ಇರಲಿಲ್ಲ. ಎಲ್ಲೋ ದೂರದ ಬಿರುಗಾಳಿ ಕಳಿಸಿದ ಅಲೆಗಳು ಉಬ್ಬರದ ಜೊತೆ ಸೇರಿಕೊಂಡು ದಂಡೆಯನ್ನು ದಾಟಿ ನೆಲದ ಮೇಲೆ ಹರಿದವು. ಸಿಟ್ಟಿಲ್ಲದೆ, ಗದ್ದಲವಿಲ್ಲದೆ, ಮನೆಗೆ ಬರುವ ನೆಂಟರಂತೆ ಒಳಗೆ ಬಂದವು. ಯಾರೂ ಸಾಯಲಿಲ್ಲ. ನೀರು ಇಳಿದ ಮೇಲೆ ತೆವೂರಾ ಬಾವಿಗೆ ಹೋಗಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಮುಂದಿನ ಬಾವಿಗೆ ಹೋದಳು. ಎಲ್ಲ ಬಾವಿಗಳೂ ಉಪ್ಪಾಗಿದ್ದವು. ಕೆಸುವಿನ ಎಲೆಗಳು ಕೆಲವೇ ದಿನಗಳಲ್ಲಿ ಹಳದಿಯಾಗಿ ಕೊಳೆತವು.

ಎಳನೀರಿನಲ್ಲಿ ಕೆಲವು ವಾರ ತಳ್ಳಿದೆವು. ಮಳೆ ಬರಲಿಲ್ಲ. ದೊಡ್ಡವರು ಹಸಿ ಮೀನಿನ ಮಾಂಸವನ್ನು ಜಗಿದು ರಸ ನುಂಗುತ್ತಿದ್ದೆವು. ವೈಯಾನಾಳ ಎದೆಹಾಲು ಇಳಿಯಿತು. ಕೂಸು ಅಳುವುದನ್ನು ಕಡಿಮೆ ಮಾಡಿತು; ನೀನು ದಾದಿ, ಅದರ ಅರ್ಥ ನಿನಗೆ ನಾನು ಹೇಳಬೇಕಾಗಿಲ್ಲ. ಒಂದು ಬೆಳಿಗ್ಗೆ ಕಾಲ್ಡರ್ ತನ್ನ ಪೀಪಾಯಿಯೊಂದನ್ನು ಉರುಳಿಸಿಕೊಂಡು ಬಂದು ತೆವೂರಾಳ ಮುಂದೆ ನಿಲ್ಲಿಸಿದ. ಇದನ್ನು ತೆಗೆದುಕೊಳ್ಳಿ, ಆದರೆ ತೆಗೆದುಕೊಂಡಿರೆಂದು ನಾನು ವರದಿ ಮಾಡಲೇಬೇಕು, ಸುಳ್ಳು ಹೇಳಲಾರೆ ಎಂದ.

ತೆವೂರಾ ಎಲ್ಲರನ್ನೂ ಕೂರಿಸಿದಳು. ಇನ್ನು ಕೆಲವೇ ತಿಂಗಳು, ಹೇಗಾದರೂ ಕಚ್ಚಿಕೊಂಡಿರೋಣ ಎಂದು ಕೆಲವರು ಅಂದರು. ನಾನು ರೇಗಿ, ನೆಲ ಕೂಸಿಗಿಂತ ದೊಡ್ಡದೇ ಎಂದು ಕೇಳಿದೆ. ತೆವೂರಾ ನನ್ನನ್ನು ಗದರಲಿಲ್ಲ. ಪೀಪಾಯಿಯಿಂದ ಒಂದು ಚಿಪ್ಪು ನೀರನ್ನು ತಾನೇ ಬಗ್ಗಿಸಿ ವೈಯಾನಾಳಿಗೆ ಕೊಟ್ಟು, ಕುಡಿ ಎಂದಳು. ವೈಯಾನಾ ಕುಡಿಯಲಿಲ್ಲ. ಚಿಪ್ಪನ್ನು ಕೆಳಗಿಟ್ಟು, ವಾಯ್ಪುನಾದ ನಮ್ಮ ನೆಂಟರಿಗೆ ರೇಡಿಯೋದಲ್ಲಿ ಸುದ್ದಿ ಕಳಿಸಿರಿ, ಎರಡು ದಿನ ನಾನೂ ಇವನೂ ತಡೆಯುತ್ತೇವೆ, ಉಳಿದ ಎಳನೀರು ನಮಗೆ ಕೊಡಿ ಎಂದಳು. ಎಲ್ಲರೂ ತಮ್ಮ ತಮ್ಮ ಪಾಲಿನ ಎಳನೀರನ್ನು ತಂದು ಅವಳ ಬಳಿ ಇಟ್ಟರು. ಕಾಲ್ಡರ್ ಪೀಪಾಯಿಯನ್ನು ಅಲ್ಲೇ ಬಿಟ್ಟು ಹೋದ, ಕೂಸು ತಡೆಯದಿದ್ದರೆ ಇರಲಿ ಎಂದು. ಅದನ್ನು ಯಾರೂ ಮುಟ್ಟುವ ಹಾಗಾಗಲಿಲ್ಲ. ವಾಯ್ಪುನಾದ ದೋಣಿಗಳು ಎರಡನೆಯ ದಿನ ಬೆಳಕು ಹರಿಯುವಾಗಲೇ ಕಂಡವು. ನಾನು ಮರಳಿನ ಮೇಲೆ ಕೂತೇ ನೋಡಿದೆ.

ಮೊದಲು ನೀರು ಕುಡಿದೆವು. ಆಮೇಲೆ ಅತ್ತೆವು. ದೋಣಿಯಿಂದ ಇಳಿದ ಒಬ್ಬೊಬ್ಬರನ್ನೂ ತೆವೂರಾ ತಂದೆಯ ಹೆಸರು, ತಾಯಿಯ ಹೆಸರು, ಅವರ ತಾಯಿಯ ಹೆಸರು ಹಿಡಿದು ಕರೆದಳು. ಕರೆದವರು ಬಂದು ಮೂಗಿಗೆ ಮೂಗು ಒತ್ತಿ ಅವಳ ಹೆಗಲ ಮೇಲೆ ಅತ್ತರು. ಇದು ಇಲ್ಲಿಯವರು ನೆಂಟರನ್ನು ಬರಮಾಡಿಕೊಳ್ಳುವ ರೀತಿ. ಕಾಲ್ಡರ್ ಮೊಣಕಾಲುದ್ದ ನೀರಿನಲ್ಲಿ ನಿಂತು ಕೊನೆಯವರೆಗೂ ನೋಡಿದ. ನಂತರ ಗುಡಾರಕ್ಕೆ ಹೋಗಿ ವರದಿ ಬರೆದ. ನಾವು ಸೋತೆವೆಂದೇ ಎಲ್ಲರ ಎಣಿಕೆ. ಆದರೂ ಮಳೆ ಬಂದಾಗ ಬಾವಿಗಳನ್ನು ತೊಳೆದೆವು, ಹೊಸ ಕೆಸು ನೆಟ್ಟೆವು. ವರ್ಷ ತುಂಬುವವರೆಗೆ ಬಾಯಿಬಿಟ್ಟು ಯಾರೂ ಆ ಮಾತು ಆಡಲಿಲ್ಲ.

ವಿಚಾರಣೆ ಇಲ್ಲಿಯೇ ನಡೆಯಿತು, ಹಳೆಯ ಆಸ್ಪತ್ರೆಯ ಜಗುಲಿಯ ಮೇಲೆ. ಬೇರೆ ಬೇರೆ ದೇಶಗಳಿಂದ ಮೂವರು ನ್ಯಾಯಾಧೀಶರು ಬಂದಿದ್ದರು. ದೊಡ್ಡ ದೇಶದ ಪರವಾಗಿ ಒಬ್ಬ ವಕೀಲೆ. ಎರಡೂ ಕಡೆಯ ಮಾತನ್ನು ಅನುವಾದ ಮಾಡುವವಳು ನಾನು. ವಕೀಲೆಯ ವಾದ ಚಿಕ್ಕದಾಗಿತ್ತು: ನೀರು ಬಂತು, ಹೊರಗಿನಿಂದ ಬಂತು, ಕರಾರು ಮುರಿಯಿತು. ನ್ಯಾಯಾಧೀಶರು ಕಾಲ್ಡರ್‌ನನ್ನು ಕರೆದು, ಆ ದಿನ ಹೊರಗಿನವರ ನೆರವು ಬಂದದ್ದು ನಿಜವೇ ಎಂದು ಕೇಳಿದರು.

“ದೋಣಿಗಳು ಬಂದವು, ನೀರಿನ ಪೀಪಾಯಿಗಳು ಬಂದವು,” ಎಂದ. “ಹೊರಗಿನವರು ಬಂದದ್ದನ್ನು ನಾನು ಕಾಣಲಿಲ್ಲ. ಬಂದ ಒಬ್ಬೊಬ್ಬರನ್ನೂ ಅವರ ಅಜ್ಜಿಯ ಹೆಸರು ಹಿಡಿದು ಕರೆದರು. ಆ ದಿನ ಆ ದಂಡೆಯ ಮೇಲೆ ಹೊರಗಿನವನು ಅಂತ ಇದ್ದದ್ದು ನಾನೊಬ್ಬನೇ.”

ವಕೀಲೆ ಬಿಡಲಿಲ್ಲ. ಕೆಟ್ಟವಳಲ್ಲ ಅವಳು, ತನ್ನ ಕೆಲಸ ಮಾಡುತ್ತಿದ್ದಳು. ಇವರು ಮನಸ್ಸು ಬಂದವರನ್ನೆಲ್ಲ ನೆಂಟರೆಂದುಕೊಂಡರೆ ಕರಾರಿನ ಆ ಮಾತಿಗೆ ಬೆಲೆಯೇ ಇಲ್ಲ ಎಂದು ಹೇಳಿ, ನನ್ನ ಕಡೆ ತಿರುಗಿದಳು. “ಇದೋ ಈ ಅನುವಾದಕಿ. ಇವಳ ಮೂಲ ಇಂಡಿಯಾ. ಇವಳೂ ಹೊರಗಿನವಳಲ್ಲವೇ?”

ಆ ಪ್ರಶ್ನೆಯನ್ನು ನಾನೇ ಅನುವಾದ ಮಾಡಬೇಕಾಗಿತ್ತು. ನನ್ನವರ ಮುಂದೆ ನಿಂತು, ಅವರ ಭಾಷೆಯಲ್ಲಿ, ಈ ಹೆರೆಯಿತಿ ಹೊರಗಿನವಳಲ್ಲವೇ ಎಂದು ನಾನೇ ಕೇಳಿದೆ. ಐವತ್ತೇಳು ವರ್ಷ ಯಾರೂ ಕೇಳದ ಪ್ರಶ್ನೆ. ಆದರೆ ಕೇಳಿಬಿಟ್ಟ ಮೇಲೆ ಉತ್ತರಕ್ಕೆ ಎಷ್ಟು ಹೆದರಿದೆನೆಂದರೆ, ಆ ಹೆದರಿಕೆ ಚಿಕ್ಕಂದಿನಿಂದ ನನ್ನೊಳಗೇ ಇತ್ತೋ ಏನೋ ಎನ್ನಿಸಿತು.

ತೆವೂರಾ ಎದ್ದು ನಿಂತಳು. ಅವಳು ಹೇಳಿದ್ದು ನಿನ್ನ ಕಥೆ.

ಈ ಜಗುಲಿಯ ಆಸ್ಪತ್ರೆಗೆ ಮೂರು ವರ್ಷದ ಕೆಲಸಕ್ಕೆಂದು ಒಬ್ಬ ಹುಡುಗಿ ಬಂದಿದ್ದಳು ಎಂದು ಶುರುಮಾಡಿದಳು. ಅವಳ ಅವಧಿ ಮುಗಿಯುವ ಹೊತ್ತಿಗೇ ಜನರನ್ನು ಎತ್ತಂಗಡಿ ಮಾಡಿದರು. ಅವಳಿಗೆ ಊರಿಗೆ ಹೋಗಲು ವಿಮಾನದ ಟಿಕೆಟ್ ಬಂದಿತ್ತು. ಹಡಗು ನಿಲ್ಲುವ ಜೆಟ್ಟಿಯ ಮೇಲೆ ಅಧಿಕಾರಿಯೊಬ್ಬ ಅವಳನ್ನು ಸಾಲಿನಿಂದ ಈಚೆ ಎಳೆದು, ನೀನು ಇವರವಳಲ್ಲ, ನೀನು ಹಡಗು ಹತ್ತಬೇಕಾಗಿಲ್ಲ ಎಂದ. ಸಾಲಿನಲ್ಲಿ ದಿನ ತುಂಬಿದ ಇಬ್ಬರು ಬಸುರಿಯರಿದ್ದರು. ಹಡಗಿನಲ್ಲಿ ವೈದ್ಯರಿರಲಿಲ್ಲ. ಹುಡುಗಿ ತನ್ನ ಚೀಲ ಎತ್ತಿಕೊಂಡು ಮತ್ತೆ ಸಾಲಿನಲ್ಲಿ ನಿಂತಳು.

“ಆ ರಾತ್ರಿ ಹಡಗಿನ ಅಟ್ಟದ ಮೇಲೆ ಹುಟ್ಟಿದವಳು ನನ್ನ ತಾಯಿ,” ಎಂದಳು ತೆವೂರಾ. “ಅವಳನ್ನು ಮೊದಲು ಎತ್ತಿಕೊಂಡ ಕೈ ಸುಗಂಧಾಳದು. ಹೆರೆಯಿತಿ ಹೊರಗಿನವಳಾದರೆ, ನಾನು ಯಾರು?”

ಇದನ್ನು ಅನುವಾದಿಸಲು ನನ್ನಿಂದ ಆಗಲಿಲ್ಲ. ಕಾಲ್ಡರ್ ಎದ್ದು ಬಂದು ಪಕ್ಕದಲ್ಲಿ ನಿಂತು, ಮಕ್ಕಳಿಂದ ಕಲಿತ ಭಾಷೆಯನ್ನು ತಡವರಿಸುತ್ತ ತನ್ನ ಭಾಷೆಗೆ ತಿರುಗಿಸಿದ. ಅವನು ಒಂದೆರಡು ಕಡೆ ತಪ್ಪಿದ, ಮಕ್ಕಳು ಜಗುಲಿಯ ಕೆಳಗಿನಿಂದ ತಿದ್ದಿದರು. ವಕೀಲೆ ತನ್ನ ಕುರ್ಚಿಯಲ್ಲಿ ಕೂತಳು.

ತೀರ್ಪು ಬರುವುದಕ್ಕೆ ಒಂದು ವಾರ ಹಿಡಿಯಿತು. ನೆಂಟರಿಂದ ನೆಂಟರಿಗೆ ಬಂದ ನೀರು ಹೊರಗಿನ ನೆರವಲ್ಲ ಎಂದರು. ನಾವು ಕುಣಿಯುತ್ತೇವೆಂದು ಅವರ ಜನ ಕ್ಯಾಮೆರಾ ಹಿಡಿದು ಕಾದಿದ್ದರು. ಯಾರೂ ಕುಣಿಯಲಿಲ್ಲ. ಒಬ್ಬೊಬ್ಬರೇ ಕೂತಲ್ಲೇ ಒರಗಿದರು, ಹಾಗೇ ನಿದ್ದೆಹೋದರು. ಒಂದು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ ನಾವು. ನಮ್ಮ ಅಜ್ಜಂದಿರಾದರೋ ನೂರು ವರ್ಷದಿಂದ. ವೈಯಾನಾ ಕೂಸನ್ನು ಹೊಟ್ಟೆಯ ಮೇಲೆ ಹಾಕಿಕೊಂಡು ಮಲಗಿದ್ದಳು. ಈಗ ಅದಕ್ಕೆ ಎರಡು ಹಲ್ಲು ಬಂದಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ನಿನ್ನೆ ಬಾವುಟ ಇಳಿಸಿದ್ದು ಕಾಲ್ಡರನೇ. ಹಡಗು ಹತ್ತುವ ಮೊದಲು ತೆವೂರಾ ಅವನನ್ನು ಕರೆದಳು. ಅವನ ತಾಯಿಯ ಹೆಸರನ್ನು, ಅಜ್ಜಿಯ ಹೆಸರನ್ನು ಕೇಳಿ ತಿಳಿದುಕೊಂಡು, ಎರಡನ್ನೂ ಗಟ್ಟಿಯಾಗಿ ಕೂಗಿ ಮೂಗಿಗೆ ಮೂಗು ಒತ್ತಿದಳು. ಅವನು ಚಿಕ್ಕ ಹುಡುಗನ ಹಾಗೆ ಅತ್ತ. ಆ ಹಡಗು ಮರೆಯಾದ ಮೇಲೆ ಕಡಲು ಖಾಲಿಯಾಗಿ ಕಂಡಿತು. ಅಷ್ಟು ಖಾಲಿ ಕಡಲನ್ನು ನಾನು ಈ ಮೊದಲು ನೋಡಿರಲಿಲ್ಲ. ಯಾರೂ ಬರಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ. ಹಾಯೆನಿಸಿತು.

ಕಡಲು ಮತ್ತೆ ಏರುತ್ತದೆ, ನಮಗೆ ಗೊತ್ತು. ಬಾವಿಗಳ ಸುತ್ತ ಕಟ್ಟೆ ಕಟ್ಟುತ್ತಿದ್ದೇವೆ. ಅದು ನಮ್ಮ ಚಿಂತೆ, ನೀನು ತಲೆಗೆ ಹಚ್ಚಿಕೊಳ್ಳಬೇಡ.

ನಿನಗೆ ಏನೇನು ಕಾದಿದೆ ಎಂದು ಎಲ್ಲವನ್ನೂ ನಾನು ಹೇಳಿಲ್ಲ. ಈ ಕೆಲಸದ ಕರೆ ಬಂದಾಗ ನಿನ್ನ ಅಮ್ಮ ಬೇಡ ಎನ್ನುತ್ತಾಳಂತೆ. ಅವಳ ಮೇಲೆ ಸಿಟ್ಟು ಮಾಡಿಕೊಂಡು ಬರಬೇಡ, ಆ ಸಿಟ್ಟಿಗೆ ಆಮೇಲೆ ನೀನು ಬಹಳ ಕಾಲ ನೊಂದೆಯಂತೆ. ಜೆಟ್ಟಿಯ ಮೇಲೆ ಅವರು ನಿನ್ನನ್ನು ಪಕ್ಕಕ್ಕೆ ಕರೆಯುವ ದಿನ, ನಾನು ಹೇಳಿದೆನೆಂದು ಹಡಗು ಹತ್ತಬೇಡ. ವಿಮಾನ ಹತ್ತಿದರೂ ಯಾರೂ ನಿನ್ನನ್ನು ತಪ್ಪೆಣಿಸುವುದಿಲ್ಲ. ಆ ಸಾಲಿನಲ್ಲಿದ್ದವರೂ ಎಣಿಸುತ್ತಿರಲಿಲ್ಲ ಎಂದು ತೆವೂರಾಳ ಅಜ್ಜಿ ಹೇಳುತ್ತಿದ್ದಳಂತೆ. ಹತ್ತುವುದಾದರೆ ಮಾತ್ರ, ಅಟ್ಟದ ಎಡಬದಿಗೆ ಹೋಗಿ ಕೂರು. ಅಲ್ಲಿಂದ ದ್ವೀಪ ಹೆಚ್ಚು ಹೊತ್ತು ಕಾಣುತ್ತದಂತೆ.

ನಿನ್ನ ಮರಿಮಗಳು,
ಹೆರೆಯಿತಿ